ಪಕ್ಕದ ಸೀಟು

ಹತ್ತು ನಿಮಿಷ ಆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ. ಮೇಷ್ಟ್ರ ಬುದ್ಧಿ ಕೆಡಿಸಿದ್ದು ಅದೇ. ಯಾರಾದರೂ ಒಬ್ಬರು ಹಾದುಹೋಗಿದ್ದರೂ ಮೇಷ್ಟ್ರು ನಿಜ ಹೇಳಿಬಿಡುತ್ತಿದ್ದರು. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಕಾರು ಕಲಿಸಿದ ಡ್ರೈವಿಂಗ್ ಮೇಷ್ಟ್ರು, ಫೋನಿನ ಮೇಲೆ ಕಣ್ಣಿಟ್ಟು, ಬೆಳ್ಳಂಬೆಳಗ್ಗೆ ಸೈಕಲ್ಲಿನಲ್ಲಿ ಪೇಪರ್ ಹಂಚುತ್ತಿದ್ದ ಮುದುಕನನ್ನು ಕೊಂದಿದ್ದರು. ಕಾರು ಮರಕ್ಕೆ ಗುದ್ದಿ ನಿಂತಿತ್ತು. ಪಕ್ಕದ ಸೀಟಿನಲ್ಲಿ ಹೆಂಡತಿಯ ತಮ್ಮ ಎಚ್ಚರ ತಪ್ಪಿದ್ದ.

ಆಮೇಲೆ ಅವರ ಕೈ ತಾನಾಗಿ ಕೆಲಸ ಮಾಡಿತು. ಬಡಕಲು ಹುಡುಗನನ್ನು ಎಳೆದು ಸ್ಟೀರಿಂಗ್ ಹಿಂದೆ ಕೂರಿಸಿದರು. ಅವನ ಕಾಲು ಉದ್ದ. ಸೀಟನ್ನು ಹಿಂದಕ್ಕೆ ಸರಿಸಿದರು. ಕನ್ನಡಿಯನ್ನು ಅವನ ಕಣ್ಣಿನ ಎತ್ತರಕ್ಕೆ ತಿರುಗಿಸಿ, ಬೆಲ್ಟ್ ಹಾಕಿ, ಅವನ ಚಪ್ಪಲಿಯನ್ನು ಪೆಡಲ್ ಹತ್ತಿರ ಇಟ್ಟರು. ಹೊಸಬರಿಗೆ ದಿನಾ ಹೇಳಿಕೊಡುವ ಪಾಠ, ಒಂದೂ ತಪ್ಪಲಿಲ್ಲ.

ಉಳಿದದ್ದು ಸುಲಭವಾಯಿತು. ಹುಡುಗನಿಗೆ ಏನೂ ನೆನಪಿರಲಿಲ್ಲ. “ನಾನೇ ಓಡಿಸ್ತೀನಿ ಅಂತ ಹಟ ಮಾಡಿದ್ಯಲ್ಲೋ” ಎಂದು ಮೇಷ್ಟ್ರು ಆಸ್ಪತ್ರೆಯಲ್ಲೇ ಶುರುಮಾಡಿ, ದಿನಕ್ಕೊಂದು ವಿವರ ಸೇರಿಸಿದರು. ಅವನು ನಂಬಿದ. ತಪ್ಪು ಒಪ್ಪಿಕೊಳ್ಳುತ್ತೇನೆಂದು ವಕೀಲರಿಗೂ ಹೇಳಿದ. ಸೋಮವಾರ ಕೋರ್ಟು.

ಆದರೆ ಅವನು ಊಟ ಬಿಟ್ಟ. ಹೊರಗೆ ಹಾರ್ನ್ ಕೇಳಿದರೆ ಬೆವರುತ್ತಿದ್ದ. “ಆ ಅಜ್ಜನ್ನ ಕೊಂದ್ಬಿಟ್ನಲ್ಲ ಭಾವ” ಎಂದು ಮೇಷ್ಟ್ರ ಮೊಣಕಾಲಿಗೆ ತಲೆಯಿಟ್ಟು ಅಳುತ್ತಿದ್ದ. ಆ ತಲೆ ನೇವರಿಸುವಾಗ ಮೇಷ್ಟ್ರಿಗೆ ತಮ್ಮ ಕೈಯ ಮೇಲೇ ಹೇಸಿಗೆಯಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಹುಡುಗ ಚಿಕ್ಕವನು, ಒಂದೆರಡು ವರ್ಷದಲ್ಲಿ ಹೊರಗೆ ಬಂದಾನು. ತಾವು ಒಳಗೆ ಹೋದರೆ ಡ್ರೈವಿಂಗ್ ಸ್ಕೂಲಿಗೆ ಬೀಗ, ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು. ಪ್ರಾಯಶ್ಚಿತ್ತವೆಂಬಂತೆ, ಮನಸ್ಸಿನ ಕಾಯಿಲೆ ನೋಡುವ ಒಳ್ಳೆಯ ಡಾಕ್ಟರಮ್ಮನನ್ನು ತಾವೇ ಹುಡುಕಿದರು.

“ಹೆದರಿಕೆ ಬಿಡಿಸೋಕೆ ಇದೊಂದು ದಾರಿ,” ಎನ್ನುತ್ತ ಡಾಕ್ಟರಮ್ಮ ಆಸ್ಪತ್ರೆಯ ಅಂಗಳದಲ್ಲಿ ತಮ್ಮ ಕಾರಿನ ಬಾಗಿಲು ತೆಗೆದರು. “ಇಂಜಿನ್ ಹಾಕಲ್ಲ. ಸುಮ್ನೆ ಕೂತ್ಕೊಂಡ್ರೆ ಸಾಕು.”

ಮೇಷ್ಟ್ರ ಹೆಂಡತಿ ಕಾರಿನ ಕಿಟಕಿಯ ಬಳಿ ನಿಂತಳು. ಹುಡುಗ ಸ್ಟೀರಿಂಗ್ ಹಿಡಿದು ಕೂತ. ಕೈ ನಡುಗಲಿಲ್ಲ, ಹನಿ ಬೆವರಿಲ್ಲ. ಗುಣವಾಗುತ್ತಿದ್ದಾನೆ ಎಂದು ಮೇಷ್ಟ್ರಿಗೆ ನಿಜವಾಗಿಯೂ ಸಂತೋಷವಾಗಿ ನಾಲಿಗೆ ಸಡಿಲವಾಯಿತು. “ಕಲಿಯೋರಿಗೆ ನಾನು ದಿನಾ ಹೇಳ್ತೀನಿ ಡಾಕ್ಟ್ರೇ, ತಲೆ ಮರ್ತ್ರೂ ಕಾಲಿಗೆ ನೆನಪಿರುತ್ತೆ ಅಂತ.”

“ಹೌದಾ?” ಡಾಕ್ಟರಮ್ಮ ಹುಡುಗನನ್ನೇ ನೋಡುತ್ತಿದ್ದರು. “ಹಾಗಾದ್ರೆ ನೀವೂ ಬನ್ನಿ. ಇಬ್ರೂ ಸೀಟು ಬದಲಾಯಿಸ್ಕೊಳ್ಳಿ.”

ಮೇಷ್ಟ್ರು ಸ್ಟೀರಿಂಗ್ ಹಿಂದೆ ಕೂತು, ಅಭ್ಯಾಸಬಲದಿಂದ ಸೀಟು ಮುಂದಕ್ಕೆಳೆದುಕೊಂಡರು, ಕನ್ನಡಿ ಸರಿಮಾಡಿದರು. ಅಂದು ಎಲ್ಲವನ್ನೂ ಹುಡುಗನ ಅಳತೆಗೆ ಸರಿಸಿದ್ದರು. ಅವನ ಹೆದರಿಕೆಯನ್ನು ಮಾತ್ರ ಇದ್ದ ಸೀಟಿನಲ್ಲೇ ಬಿಟ್ಟುಬಂದಿದ್ದರು. ಪಕ್ಕದಲ್ಲಿ ಕೂತನೋ ಇಲ್ಲವೋ, ಹುಡುಗ ಬೆವತು ನೀರಾದ. ನಿಂತ ಕಾರಿನಲ್ಲಿ ಎರಡೂ ಕಾಲುಗಳಿಂದ ನೆಲ ಒತ್ತಿಹಿಡಿದು, ಕಣ್ಣು ಮುಚ್ಚಿಕೊಂಡೇ ಮೇಷ್ಟ್ರ ತೋಳು ಹಿಡಿದ. “ಭಾವ, ಫೋನ್ ಬಿಡಿ ಭಾವ, ಮುಂದೆ ಸೈಕಲ್ ಇದೆ.” ಕಿಟಕಿಯ ಬಳಿ ನಿಂತಿದ್ದ ಹೆಂಡತಿ ತಮ್ಮನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.