ಪಾಳ್ಯದ ಕರುಗಲ್ಲು

೧೯೭೬ರ ಮಾರ್ಚ್ ೮, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಬಸವೇಶ್ವರನಗರದ ಪದ್ಮನಾಭ ಠಾಣೆಗೆ ಬಂದು, ತಮ್ಮ ಕಾಂಪೌಂಡಿನಿಂದ ಒಂದು ಕಲ್ಲು ಕಳುವಾಗಿದೆ ಎಂದು ದೂರು ಕೊಟ್ಟರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು. ಬಡಾವಣೆಯ ಚರಿತ್ರೆ ಬರೆಯುತ್ತಿದ್ದರು.

"ಎಂಥ ಕಲ್ಲು?" ಇನ್ಸ್‌ಪೆಕ್ಟರ್ ಗುರುಸಿದ್ದಯ್ಯ ಕೇಳಿದರು.

"ಕರುಗಲ್ಲು. ಊರು ಕಟ್ಟುವಾಗ ಮೊದಲು ನೆಡೋದು. ಬಡಾವಣೆಗೆ ಮುಂಚೆ ಇಲ್ಲಿ ಗಿಡ್ಡಯ್ಯನಪಾಳ್ಯ ಇತ್ತು. ಅದರಲ್ಲಿ ಉಳಿದಿರೋದು ಇದೊಂದೇ."

"ಚಪ್ಪಡಿ ಬೇಕಾದೋನು ಕ್ವಾರಿಗೆ ಹೋಗ್ತಾನೆ, ಮೇಷ್ಟ್ರ ಮನೆಗೆ ಯಾಕೆ ಬರ್ತಾನೆ ಸಾರ್," ಎಂದ ಕಾನ್‌ಸ್ಟೇಬಲ್ ಚಕ್ರಪಾಣಿ. ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆಯಲ್ಲಿ ಕೈಗಾಡಿಯ ಚಕ್ರದ ಗುರುತು ಸಿಕ್ಕಿತು. ಪಕ್ಕದಲ್ಲಿದ್ದ ಹಿತ್ತಾಳೆ ಹಂಡೆಯನ್ನು ಕಳ್ಳ ಮುಟ್ಟಿರಲಿಲ್ಲ.

"ವಿಗ್ರಹ ಮಾರೋರ ಕೆಲಸ," ಎಂದರು ಪದ್ಮನಾಭ.

"ನಿಮಗೆ ಎಲ್ಲಿ ಸಿಕ್ಕಿತ್ತು?"

"ಪಾರ್ಕಿನ ತಿರುವಿನಲ್ಲಿ. ಟಾರ್ ಹಾಕೋರು ಒಡೆದುಹಾಕ್ತಾರೆ ಅಂತ ಹೋದ ವಾರ ಅಗೆಸಿ ತಂದೆ."

"ಯಾರನ್ನ ಕೇಳಿದ್ರಿ?"

"ಕೇಳೋಕೆ ಪಾಳ್ಯದೋರು ಯಾರಿದ್ದಾರೆ?"

ಗುರುಸಿದ್ದಯ್ಯ ತಿರುವಿನ ಕಡೆ ನಡೆದರು. ಪದ್ಮನಾಭ, ಚಕ್ರಪಾಣಿ ಹಿಂದೆ ಬಂದರು.

ಕಲ್ಲು ಅಲ್ಲೇ ನಿಂತಿತ್ತು. ಬುಡದಲ್ಲಿ ಹಸಿ ಮಣ್ಣು, ಮೈಗೆ ಅರಿಶಿನ. ಪಕ್ಕದಲ್ಲಿ ಕೈಗಾಡಿ ನಿಲ್ಲಿಸಿಕೊಂಡು ಮುದುಕನೊಬ್ಬ ಕೂತಿದ್ದ. ದಿನವೂ ಪದ್ಮನಾಭರ ಮನೆಗೆ ಸೊಪ್ಪು ಕೊಡುವ ದೊಡ್ಡಹನುಮಯ್ಯ.

"ತಂದೋನು ನೀನೇನಾ?" ಗುರುಸಿದ್ದಯ್ಯ ಕೇಳಿದರು.

"ನಾನೇ ಸ್ವಾಮಿ."

"ದೇವರು ಅಂತಾನಾ?"

"ದೇವರಿಗೆ ದಾರಿ ಗೊತ್ತಿರ್ತದೆ ಬುಡಿ. ನನ್ನ ತಮ್ಮನಿಗೆ ಗೊತ್ತಿಲ್ಲ."

ತಮ್ಮ ಕೃಷ್ಣಯ್ಯ ಹುಟ್ಟು ಮೂಗ. ಕುರಿ ಹೊಡೆದುಕೊಂಡು ಸುಂಕದಕಟ್ಟೆ ಕಡೆಗೆ ಮೇವು ಹುಡುಕಿ ಹೋದವನು ವರ್ಷಗಳಾದರೂ ಬಂದಿರಲಿಲ್ಲ. ಅವನು ಹೋದ ಮೇಲೆ ಪಾಳ್ಯವನ್ನು ಕೆಡವಿದ್ದರು.

"ಓದೋಕೆ ಬರಲ್ಲ, ಕೇಳೋಕೆ ಬಾಯಿಲ್ಲ. ಕ್ರಾಸು, ಮೇನು ಅಂದ್ರೆ ಅವನೇನ್ ಕಂಡಾನು? ಸಣ್ಣೋನಿದ್ದಾಗಿಂದ ಈ ಕಲ್ಲು ಮುಟ್ಟಿಯೇ ಒಳಕ್ಕೆ ಬರ್ತಿದ್ದ."

ಪದ್ಮನಾಭರ ದನಿ ತಗ್ಗಿತು. "ದಿನಾ ಸಿಗ್ತೀಯ. ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀವು ಸೊಪ್ಪಿನ ರೇಟು ಕೇಳ್ತಿದ್ರಿ ಬುದ್ಧಿ."

ಪದ್ಮನಾಭ ಇನ್ಸ್‌ಪೆಕ್ಟರ್ ಕಡೆ ತಿರುಗಿ, "ದೂರು ವಾಪಸ್ ತಗೋತೀನಿ," ಎಂದರು.

"ಎಫ್‌ಐಆರ್ ಆಗಿದೆ. ಅದನ್ನ ಕೋರ್ಟಿನಲ್ಲಿ ಹೇಳಿ ಸಾರ್."

ಚಕ್ರಪಾಣಿ ಹಾರೆ ತಂದ. "ಮಾಲು ಕೀಳ್ಲಾ ಸಾರ್?"

"ನನ್ನ ಒಳಗೆ ಹಾಕಿ ಸ್ವಾಮಿ," ಎಂದ ಮುದುಕ. "ಕಲ್ಲು ಇಲ್ಲೇ ಇರ್ಲಿ."

ಗುರುಸಿದ್ದಯ್ಯ ಹಾರೆಯನ್ನು ಜೀಪಿಗೆ ವಾಪಸ್ ಕಳಿಸಿದರು. ಮಾಲನ್ನು ಸ್ಥಳದಲ್ಲೇ ಜಪ್ತಿ ಮಾಡಿ, ಕಾಯುವ ಜವಾಬ್ದಾರಿಯನ್ನು ಪದ್ಮನಾಭರಿಗೇ ವಹಿಸಿ ಸಹಿ ಪಡೆದರು. ಹನ್ನೊಂದು ಗಂಟೆಗೆ ದಸ್ತಗಿರಿಯಾಯಿತು. ಅಣ್ಣ ಕದ್ದು ತಂದದ್ದು ತಮ್ಮನ ದಾರಿಗುರುತನ್ನು. ಅದನ್ನು ಬರೆಯಲು ಠಾಣೆಯ ಡೈರಿಯಲ್ಲಿ ಕಾಲಂ ಇರಲಿಲ್ಲ.

ಜೀಪು ಹತ್ತುವಾಗ ದೊಡ್ಡಹನುಮಯ್ಯ ಪದ್ಮನಾಭರ ಕಡೆ ತಿರುಗಿ ನೋಡಿದ. "ನನ್ನ ತಮ್ಮನ ಎಡಗಿವಿ ಹರಿದಿರ್ತದೆ ಬುದ್ಧಿ. ಬಂದ್ರೆ ಕೂರಿಸ್ಕೊಳ್ಳಿ."

ಸಂಜೆ ಬೀಟಿಗೆ ಹೋದ ಚಕ್ರಪಾಣಿ ಕಂಡಾಗ, ಪದ್ಮನಾಭ ಕಲ್ಲಿನ ಪಕ್ಕ ಮಣ್ಣಿನ ಮೇಲೆ ಕೂತಿದ್ದರು. ರಸ್ತೆಯಲ್ಲಿ ಹಾದುಹೋಗುವ ಒಬ್ಬೊಬ್ಬರ ಕಿವಿಯನ್ನೂ ನೋಡುತ್ತಿದ್ದರು.