ಗೋಮಾಳದ ಒಂಬತ್ತು ಗೂಟ

ಒಂಬತ್ತನೆಯ ಗೂಟ ಮಾತ್ರ ಹಟ ಹಿಡಿದಿತ್ತು. ಮೌನಿಕಾ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು, ಒದ್ದಳು, ಕೊನೆಗೆ ಹಿಂದಕ್ಕೆ ಬೀಳುವಷ್ಟು ಜೋರಾಗಿ ಎಳೆದಳು. ಗೂಟ ಕಿತ್ತು ಬಂತು. ತುದಿಗೆ ಕಟ್ಟಿದ್ದ ಕೆಂಪು ಬಟ್ಟೆ ಅವಳ ಮುಖಕ್ಕೇ ಹೊಡೆಯಿತು.

ತಲೆಯ ಮೇಲೆ ಒಂದು ತೀತುವ ಹಕ್ಕಿ ಒಂದೇ ಸಮನೆ ಕಿರುಚುತ್ತಾ ಸುತ್ತುತ್ತಿತ್ತು.

“ಸುಮ್ನಿರೇ, ನಿನ್ ಜಾಗಾನೂ ಉಳಿಸ್ತಿದೀನಿ” ಎಂದು ಗದರಿಸಿ, ಗೂಟಗಳನ್ನು ಅವುಚಿಕೊಂಡು ಓಡಿದಳು. ದಾರಿಯಲ್ಲಿ ಚಪ್ಪಲಿಯಡಿ ಏನೋ ಚಿಟ್ ಎಂದಿತು. ಯಾರಾದರೂ ಕಂಡುಬಿಟ್ಟಾರೆಂಬ ಭಯಕ್ಕೆ ನಿಂತು ನೋಡಲಿಲ್ಲ. ಮನೆ ಹಿಂದಿನ ರಾಗಿಹುಲ್ಲಿನ ಬಣವೆಯೊಳಗೆ ಗೂಟಗಳನ್ನು ತುರುಕಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು.

ಗೂಟ ನೆಟ್ಟವಳು ಸುನಂದ. ಬೇಸಿಗೆ ರಜ ಶುರುವಾದಾಗ ಟೇಕಲ್ ಸ್ಟೇಷನ್ನಿನಲ್ಲಿ ರೈಲಿಳಿದು ಬಂದು, ಊರಿನಲ್ಲಿ ರೂಮು ಹಿಡಿದಿದ್ದಳು. ದಿನಾ ಬೆಳಿಗ್ಗೆ ಊರ ಕುರಿ-ದನ ಮೇಯುವ ಗೋಮಾಳಕ್ಕೆ ಹೋಗಿ ದುರ್ಬೀನು ಹಿಡಿದು ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು, ಗೂಟ ಹೊಡೆಯುವುದು. ಕೇಳಿದರೆ, ಹಕ್ಕಿ ಎಣಿಸುವುದೇ ತನ್ನ ಕೆಲಸ ಎನ್ನುತ್ತಿದ್ದಳು. ಹಕ್ಕಿ ಎಣಿಸುವವರಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಮೌನಿಕಾ ನಂಬಲಿಲ್ಲ.

ಅಜ್ಜಿ ಚಿಕ್ಕಗಂಗಮ್ಮನೂ ನಂಬಲಿಲ್ಲ. ಅಜ್ಜಿಯ ಹದಿನೆಂಟು ಕುರಿಗಳಿಗೆ ಆ ಗೋಮಾಳ ಬಿಟ್ಟರೆ ಬೇರೆ ಮೇವಿಲ್ಲ. ನರಸಾಪುರದ ಕಡೆ ಇರುವ ದೊಡ್ಡಮ್ಮನ ಊರಿನಲ್ಲೂ ಮೊದಲು ಬಂದದ್ದು ಕೆಂಪು ಬಟ್ಟೆಯ ಗೂಟಗಳೇ. ಆಮೇಲೆ ಜೆಸಿಬಿ, ಆಮೇಲೆ ಫ್ಯಾಕ್ಟರಿಯ ಕಾಂಪೌಂಡು. ದೊಡ್ಡಮ್ಮ ಕುರಿಗಳನ್ನೆಲ್ಲ ಮಾರಿ ಕೂತಿದ್ದಳು.

“ಬೆಳ್ಳಗಿರೋದೆಲ್ಲ ಹಾಲಲ್ಲ ಪಾಪಾ. ಆಯಮ್ಮನ ಮೇಲೆ ಒಂದು ಕಣ್ಣಿಟ್ಟಿರು” ಎಂದಿದ್ದಳು ಅಜ್ಜಿ. ಮೌನಿಕಾ ಕಣ್ಣಿಟ್ಟದ್ದು ಸಾಲದೆಂದು ಕೈಯನ್ನೂ ಇಟ್ಟಿದ್ದಳು.

ಮರುದಿನ ಅಜ್ಜಿ ಕುರಿ ಹೊರಡಿಸುವ ಮೊದಲೇ ಅವಳು ಗೋಮಾಳದ ಬಂಡೆಯ ಹಿಂದೆ ಅಡಗಿ ಕುಳಿತಳು. ಗೂಟ ಹೋದದ್ದು ಕಂಡು ಸುನಂದ ಕೂಗಾಡುತ್ತಾಳೆ, ಯಾರು ಯಾರಿಗೋ ಫೋನ್ ಮಾಡುತ್ತಾಳೆ, ಆಗ ಬಣ್ಣ ಬಯಲಾಗುತ್ತದೆ ಎಂದುಕೊಂಡಿದ್ದಳು. ಸುನಂದ ಕೂಗಾಡಲಿಲ್ಲ. ನೆಲ ನೋಡಿ ಒಂದು ಹೆಜ್ಜೆ, ಬಗ್ಗಿ ನೋಡಿ ಮತ್ತೊಂದು ಹೆಜ್ಜೆ. ಹೀಗೆ ಸ್ವಲ್ಪ ದೂರ ಬಂದವಳು ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು. ಎಷ್ಟು ಹೊತ್ತಾದರೂ ಏಳಲಿಲ್ಲ.

ಮೌನಿಕಾಗೆ ತಡೆಯಲಾಗಲಿಲ್ಲ. “ಏನಕ್ಕಾ, ಏನ್ ಕಳೆದೋಯ್ತು?” ಎನ್ನುತ್ತಾ ಏನೂ ಅರಿಯದವಳಂತೆ ಬಂದಳು.

“ಕಾಲ್ ಕೆಳಗೆ ನೋಡ್ಕೊಂಡ್ ಬಾ.”

ಕಲ್ಲುಗಳ ನಡುವೆ ಅಂಗೈಯಗಲದ ತಗ್ಗು. ಅದರಲ್ಲಿ ಕಲ್ಲಿನದೇ ಬಣ್ಣದ ಎರಡು ಮೊಟ್ಟೆ. ಪಕ್ಕದಲ್ಲಿ ಇನ್ನೆರಡು ಒಡೆದು, ಇರುವೆ ಮುತ್ತಿದ್ದವು. ಧೂಳಿನ ಮೇಲೆ ಪುಟ್ಟ ಚಪ್ಪಲಿಯ ಗುರುತು, ಹೂವಿನ ಅಚ್ಚು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೌನಿಕಾ ಒಂದು ಪಾದವನ್ನು ಇನ್ನೊಂದರ ಹಿಂದೆ ಸರಿಸಿದಳು. ನಿನ್ನೆ ಚಪ್ಪಲಿಯಡಿ ಚಿಟ್ ಎಂದದ್ದು ಏನೆಂದು ಈಗ ತಿಳಿಯಿತು.

ಒಂದೊಂದು ಗೂಟದಿಂದಲೂ ಬಂಡೆಯ ಕಡೆಗೆ ಹತ್ತು ಹೆಜ್ಜೆಗೆ, ನೆಲದಲ್ಲೇ ಮೊಟ್ಟೆಯಿಡುವ ತೀತುವದ ಒಂದು ಗೂಡಿದೆ ಎಂದು ಸುನಂದ ಹೇಳಿದಳು. ಗೂಡಿನ ಪಕ್ಕದಲ್ಲೇ ನೆಟ್ಟರೆ ಕಾಗೆಗೆ ತಾನೇ ದಾರಿ ತೋರಿಸಿದಂತಾಗುತ್ತದೆ. ಈಗ ಗುರುತಿಲ್ಲದೆ ತನಗೇ ಕಾಲಿಡಲು ಭಯ.

ಸುನಂದ ಧೂಳಿನ ಗುರುತನ್ನು ನೋಡಿದಳು. ಮೌನಿಕಾಳ ಚಪ್ಪಲಿಯನ್ನೂ ನೋಡಿದಳು. ನೋಟ್‌ಬುಕ್ ತೆಗೆದು ಏನೋ ಬರೆದಳು. ಹೆಡ್‌ಮಾಸ್ಟರಿಗೆ ಕಂಪ್ಲೇಂಟೋ, ಪೊಲೀಸಿಗೋ?

“ಏನ್ ಬರ್ದ್ರಿ?”

“ಒಂದು ಗೂಡು. ಎರಡು ಮೊಟ್ಟೆ ಒಡೆದಿವೆ. ಮನುಷ್ಯರ ಕಾಲು.”

“ಯಾರ್ ಕಾಲು ಅಂತ?”

“ಅದನ್ನ ಬರೆಯಕ್ಕೆ ಇದ್ರಲ್ಲಿ ಕಾಲಂ ಇಲ್ಲ.”

ಮೌನಿಕಾ ಇನ್ನೂ ಸೋಲಲಿಲ್ಲ. “ಇಲ್ಲಿಗೆ ಫ್ಯಾಕ್ಟರಿ ಬರಲ್ಲ ಅಂತ ಹೇಳಿ ನೋಡಾಣ.”

ಸುನಂದ ನೋಟ್‌ಬುಕ್ ಮುಚ್ಚಿದಳು. “ಹೇಳಕ್ಕಾಗಲ್ಲ ಪುಟ್ಟ, ನಂಗೇ ಗೊತ್ತಿಲ್ಲ. ಇದು ಖಾಲಿ ಜಾಗ ಅಂತ ಯಾರಾದ್ರೂ ಅಂದ್ರೆ ತೋರ್ಸಕ್ಕೆ ಇರಲಿ ಅಂತ, ಇಲ್ಲಿರೋದನ್ನೆಲ್ಲ ಬರ್ಕೊತಿದೀನಿ.”

ಸುಳ್ಳು ಹೇಳುವವಳಾಗಿದ್ದರೆ ಬರಲ್ಲ ಎಂದು ತಕ್ಷಣ ಹೇಳಿಬಿಡುತ್ತಿದ್ದಳು ಎಂದು ಮೌನಿಕಾಗೆ ಅನಿಸಿತು. ಅಷ್ಟರಲ್ಲಿ ಕುರಿಗಳ ನೆನಪಾಯಿತು. ಹದಿನೆಂಟು ಕುರಿ, ಎಪ್ಪತ್ತೆರಡು ಕಾಲು.

ಅವಳು ಮನೆಗೆ ಬಂದಾಗ ಅಜ್ಜಿ ದೊಡ್ಡಿಯ ಬಾಗಿಲು ತೆಗೆಯುತ್ತಿದ್ದಳು. ಮೊಮ್ಮಗಳು ಬಣವೆಯಿಂದ ಒಂದೊಂದೇ ಗೂಟ ಎಳೆಯುವುದನ್ನು ಕಂಡು ಅಜ್ಜಿಯ ಹುಬ್ಬು ಮೇಲೇರಿತು.

“ಇವತ್ತೊಂದಿನ ಕುರೀನ ಕೆರೆ ಕಡೆ ಹೊಡಿ ಅಜ್ಜಿ.”

“ಯಾಕೇ? ಆಯಮ್ಮ ನಿಂಗೇನ್ ಮಾಟ ಮಾಡಿದ್ಲು?”

“ಆಮೇಲ್ ಹೇಳ್ತೀನಿ.”

ಅಜ್ಜಿ ಅನುಮಾನದಿಂದಲೇ ಕುರಿಗಳನ್ನು ಕೆರೆಯ ಕಡೆ ತಿರುಗಿಸಿದಳು.

ಗೋಮಾಳದಲ್ಲಿ ಗೂಟ ಕಿತ್ತ ಕುಳಿಗಳು ಹಾಗೇ ಇದ್ದವು. ಎಲ್ಲೆಲ್ಲಿ ಎಂದು ಮೌನಿಕಾಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ಚಪ್ಪಲಿ ಬಿಚ್ಚಿ ಬಂಡೆಯ ಮೇಲಿಟ್ಟಳು. ಬಿಸಿ ಕಲ್ಲುಗಳ ನಡುವೆ ನೆಲ ನೋಡಿ ನೋಡಿ ಹೆಜ್ಜೆ ಹಾಕುತ್ತಾ, ಗೂಟಗಳನ್ನು ಒಂದೊಂದಾಗಿ ಅವುಗಳ ಕುಳಿಗೇ ನೆಡತೊಡಗಿದಳು.

ತೀತುವ ಹಕ್ಕಿ ಮತ್ತೆ ತಲೆಯ ಮೇಲೆ ಬಂದು ಕಿರುಚತೊಡಗಿತು. ಈ ಸಲ ಅವಳು ಅದನ್ನು ಗದರಿಸಲಿಲ್ಲ.