ಬಾನೆಟ್ಟಿನೊಳಗಿನ ನೀಲಿ ಹಾಳೆ

ಏಳು ವರ್ಷಗಳಲ್ಲಿ ಅವಳು ಹಾಸಿದ ಕಾರಿನ ಬಾನೆಟ್ಟುಗಳಲ್ಲಿ ಒಂದೇ ಒಂದೂ ವಾಪಸು ಬಂದಿರಲಿಲ್ಲ. ಅಂಟು ತುಂಬಿದ ಕಾರ್ಬನ್ ಬಟ್ಟೆಯನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ಬೆರಳಿಂದ ಮೂಲೆಮೂಲೆ ತೀಡಿ ಕೂರಿಸುವುದು ಅವಳ ಕೆಲಸ. ಅದನ್ನು ಒತ್ತಡದ ಒಲೆಯಲ್ಲಿ ಬೇಯಿಸುವುದು ಅವಳ ಸೋದರಮಾವನ ಕೆಲಸ. ಬೆಂದು ಬಂದದ್ದು ಉಕ್ಕಿಗೆ ಸೆಡ್ಡು ಹೊಡೆಯುವಷ್ಟು ಗಟ್ಟಿ, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ.

ಅಂಥದ್ದಕ್ಕೆ ಈ ಟೆಸ್ಟರ್ ಮಹಾಶಯ ‘ತಿರಸ್ಕೃತ’ ಎಂಬ ಕೆಂಪು ಚೀಟಿ ಅಂಟಿಸಿಬಿಟ್ಟಿದ್ದ. ಬಂದು ಮೂರು ತಿಂಗಳಾಗಿತ್ತಷ್ಟೆ. ಸದಾ ಏನನ್ನೋ ಆಲಿಸುವವನಂತೆ ಕತ್ತು ವಾರೆ. ಕಾರ್ಖಾನೆಯವರೆಲ್ಲ ಅವನಿಗೆ ಇಟ್ಟ ಹೆಸರು ‘ಕಿವಿ’.

“ಇಲ್ಲಿ ಕೇಳಿ,” ಎಂದು ಅವನು ಬಾನೆಟ್ಟನ್ನು ನಾಣ್ಯದಿಂದ ತಟ್ಟುತ್ತಾ ಬಂದ. ಟಣ್ ಟಣ್ ಎನ್ನುತ್ತಿದ್ದದ್ದು ಹೆಡ್‌ಲೈಟಿನ ಪಕ್ಕ ಧಬ್ ಎಂದಿತು. “ಒಳಗೆ ಪದರ ಬಿಟ್ಟಿದೆ.”

“ನಿಮ್ಮ ನಾಣ್ಯ ಸವೆದಿರಬೇಕು.”

“ಬೇರೆ ಕೊಡಿ ಮತ್ತೆ.”

ಅವಳು ಕೊಡಲಿಲ್ಲ. ಅವನ ಕಣ್ಣಂಚಿನಲ್ಲಿ ನಗು ಇಣುಕಿತು, ಕೂಡಲೇ ಮರೆಯಾಯಿತು. “ನಿಮ್ಮ ಕೈ ಮೇಲೆ ನಂಗೆ ಅನುಮಾನ ಇಲ್ಲ. ಒಲೇಲಿ ಒತ್ತಡ ಇಳಿದಿರುತ್ತೆ. ರಿಪೋರ್ಟಲ್ಲಿ ಹಾಗೇ ಬರೀತೀನಿ,” ಎಂದ. ದೊಡ್ಡ ಉಪಕಾರ ಮಾಡಿದವನಂತೆ ಹೊರಟೂ ಹೋದ.

ಸುದ್ದಿ ಕೇಳಿ ಮಾವ ಕೆಂಡವಾದ. “ಒತ್ತಡದ ಮುಳ್ಳು ಒಂದು ಗೆರೆ ಅಲ್ಲಾಡಿಲ್ಲ. ನನ್ನ ಒಲೆ ಬಗ್ಗೆ ಮಾತಾಡ್ತಾನಾ ಅವನು? ಆ ಕಿವೀನ ಹಿಂಡಿ ಕೈಗೆ ಕೊಡ್ತೀನಿ.” ಆದರೆ ಹಳೇ ಒಲೆಯ ಮುಳ್ಳನ್ನು ನಂಬುವವರಾರು? ಆ ರಿಪೋರ್ಟು ಮೇಲೆ ಹೋದರೆ ಒಲೆಗೆ ಬೀಗ, ಮಾವನಿಗೆ ಗೋದಾಮಿನಲ್ಲಿ ಕೆಲಸವಿಲ್ಲದ ಒಂದು ಕುರ್ಚಿ. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿ ಸಲಹಿದ ಮನುಷ್ಯ ಅವನು.

ಅವಳು ಮೇಜಿನ ಬಳಿ ಕೂತು ಆ ಬಾನೆಟ್ ಹಾಸಿದ ಮಂಗಳವಾರವನ್ನು ನೆನೆದಳು. ಪ್ರತಿ ಪದರದ ಬೆನ್ನಿಗೂ ಒಂದು ತೆಳು ನೀಲಿ ಹಾಳೆ ಇರುತ್ತದೆ. ಅದು ಒಳಗೆ ಉಳಿದರೆ ಪದರಗಳು ಅಂಟುವುದಿಲ್ಲ. ಸುಲಿದು ಬುಟ್ಟಿಗೆ ಹಾಕಬೇಕು, ಅಚ್ಚು ಮುಚ್ಚುವ ಮೊದಲು ಹಾಳೆಗಳನ್ನು ಎಣಿಸಬೇಕು. ಮಂಗಳವಾರ ಅವಳು ಎಣಿಸಿರಲಿಲ್ಲ. ಹೆಡ್‌ಲೈಟಿನ ಪಕ್ಕದ ಅಂಗೈಯಗಲದ ತುಂಡನ್ನು ಕೂರಿಸುತ್ತಿದ್ದಾಗ, ಪರೀಕ್ಷೆ ಕೋಣೆಯ ಗಾಜಿನ ಆಚೆಯಿಂದ ಟೆಸ್ಟರ್ ತಲೆಯೆತ್ತಿ ನೋಡಿ ನಕ್ಕಿದ್ದ. ಆ ನಗು ಅವಳನ್ನು ಊಟದ ಹೊತ್ತಿನವರೆಗೂ ಬಿಟ್ಟಿರಲಿಲ್ಲ.

ಆ ತುಂಡಿನ ಹಾಳೆ ಸುಲಿದ ನೆನಪೇ ಇಲ್ಲ. ತಪ್ಪೊಪ್ಪಿಕೊಳ್ಳಲು ಅವಳಿಗೆ ಹೆದರಿಕೆಯಿರಲಿಲ್ಲ. ಯಾಕಾಯಿತು ಎಂದು ಅವನೇ ಕೇಳಿದರೆ ಏನು ಹೇಳುವುದು, ಅದೇ ನಾಚಿಕೆ. ಆದರೂ ಮಾವನಿಗಾಗಿ ಎದ್ದು ಅವನ ಬಳಿಗೆ ಹೋದಳು.

“ಅದನ್ನ ಕತ್ತರಿಸಿ,” ಎಂದಳು.

“ಬಾನೆಟ್ಟನ್ನಾ?”

“ಧಬ್ ಅಂದ ಜಾಗದಲ್ಲೇ.”

ಗರಗಸ ನಿಂತಾಗ, ಕಪ್ಪು ಪದರಗಳ ನಡುವೆ ನೀಲಿ ಗೆರೆಯೊಂದು ಇಣುಕುತ್ತಿತ್ತು. ಅವನು ಅದನ್ನು ಉಗುರಿನಿಂದ ಕೆರೆದು ನೋಡಿದ.

“ತಪ್ಪು ನಂದು, ಒಲೇದಲ್ಲ. ಬರ್ಕೊಳ್ಳಿ.”

ಅವನು ಪೆನ್ನು ತೆಗೆದ. “ಕಾರಣ ಅಂತ ಒಂದು ಕಾಲಂ ಇದೆ.”

“ಗಮನ ಬೇರೆ ಕಡೆ ಇತ್ತು.”

“ಎಲ್ಲಿ?”

“ಗಾಜಿನ ಆಚೆ,” ಎಂದಳು. ಮುಖವೆಲ್ಲ ಬಿಸಿಯಾಗಿತ್ತು. “ಕತ್ತು ವಾರೆ ಮಾಡ್ಕೊಂಡು ನಗ್ತಾರಲ್ಲ, ಅವರ ಮೇಲೆ.”

ಅವನು ಪೆನ್ನು ಕೆಳಗಿಟ್ಟ. “ನಾನೂ ಒಂದು ಒಪ್ಕೋಬೇಕು. ಒಲೇಲಿ ತಪ್ಪಿದೆ ಅಂತ ನಂಗೇನೂ ಗೊತ್ತಿರ್ಲಿಲ್ಲ. ನಿಮ್ಮದಾಗಬಾರದು ಅಂತ ಅದರ ತಲೆಗೆ ಕಟ್ಟಿದೆ.”

“ಟೆಸ್ಟರ್ ಹಾಗೆ ಮಾಡಬಹುದಾ?”

“ಮಾಡಬಾರದು. ನಿಮ್ಮ ವಿಷಯದಲ್ಲಿ ನನ್ನ ಬುದ್ಧಿ ಕೈಕೊಡುತ್ತೆ. ಬಂದ ದಿನದಿಂದಾನೂ ಇದೇ ಪಾಡು.” ರಿಪೋರ್ಟು ಹರಿದು ಹೊಸದು ಬರೆಯತೊಡಗಿದ. ಅಕ್ಷರ ಸೊಟ್ಟಸೊಟ್ಟಗಾಗುತ್ತಿತ್ತು. “ಸಂಜೆ ಮನೆಗೆ ಬಂದು ನಿಮ್ಮ ಮಾವನ್ನ ಕೇಳ್ಲಾ?”

“ಏನಂತ?”

“ನಿಮ್ಮನ್ನ ಮದುವೆ ಆಗ್ಲಾ ಅಂತ.”

ಅವಳು ಗರಗಸದ ಕಪ್ಪು ಪುಡಿಯನ್ನು ತೋಳಿನಿಂದ ಕೊಡವಿಕೊಂಡಳು. ನಗುವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

“ಮಾವನ್ನ ಆಮೇಲೆ ಕೇಳಿ. ಮೊದಲು ಅವನ ಎದುರಿಗೇ ಒಲೆ ಹತ್ರ ಕ್ಷಮೆ ಕೇಳಿ. ಇಲ್ಲಾಂದ್ರೆ ಅವನು ನಿಮ್ಮ ಮುಖ ನೋಡಲ್ಲ.”

“ಒಲೆ ಒಪ್ಪಿದ್ರೆ, ಮಾವಾನೂ ಒಪ್ಪಿದ್ರೆ, ನೀವು?”

“ನಾನು ಒಪ್ಪಿ ತಿಂಗಳಾಯ್ತು,” ಎಂದಳು ಅವಳು. “ನಡೀರಿ, ಒಲೆ ಬಿಸಿ ಇರುವಾಗಲೇ ಹೋಗೋಣ.”